ಕಲ್ಲಚ್ಚಿನಲ್ಲಿ ಮೂಡದ ಬೀದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ, ಹೇರೂರಿನಂಥ ಊರುಗಳ ಹಳೆಯ ಮನೆಗಳ ಜಗಲಿಯಲ್ಲಿ ಕಾಣುವ ಲಕ್ಷ್ಮೀ, ಸರಸ್ವತಿಯರ ಪಟಗಳು 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಪರಂಪರೆಯವು. ಆ ಮುದ್ರಣಾಲಯದ ಕಸುಬು ಕಲ್ಲಚ್ಚು: ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಅಚ್ಚಿನ ಮಸಿ ಸವರಿದರೆ ಅದು ಜಿಡ್ಡಿದ್ದಲ್ಲಿ ಹಿಡಿದು ನೀರಿದ್ದಲ್ಲಿ ಜಾರುತ್ತದೆ; ಬಣ್ಣದ ಪಟಕ್ಕಾದರೆ ಒಂದೊಂದು ಬಣ್ಣಕ್ಕೂ ಬೇರೆಯೇ ಕಲ್ಲು ಬೇಕು.

ಇದೇ ಕಸುಬಿನಿಂದ ಪ್ಯಾರಿಸ್ಸಿನ ಒನೊರೆ ದೋಮಿಯೆ ವಕೀಲರನ್ನೂ ಮನೆ ಮಾಲೀಕರನ್ನೂ ಸುಮಾರು 4000 ಚಿತ್ರಗಳಲ್ಲಿ ದಾಖಲಿಸಿದನು. ಮರದಚ್ಚಿನಲ್ಲಿ ಜಪಾನಿನ ಹಿರೋಶಿಗೆ 1856ರಿಂದ ಎಡೊ ನಗರದ ಸೇತುವೆ, ಅಂಗಡಿಬೀದಿಗಳನ್ನು ಮೂಡಿಸಿದನು. ಕನ್ನಡನಾಡಿನ ಪೇಟೆಬೀದಿಗೆ ಅಂಥ ಚಿತ್ರಕಾರ ದೊರೆಯಲಿಲ್ಲವೆಂಬುದು ದೊಡ್ಡ ನಷ್ಟ. ಬೆಂಗಳೂರಿನ ಅರಮನೆಗೆ ಹೋಗುವ ಬೀದಿಯನ್ನು ಚಿತ್ರಿಸಿದವನು ಬ್ರಿಟಿಷ್ ಫಿರಂಗಿದಳದ ಜೇಮ್ಸ್ ಹಂಟರ್. ಅವನು 1792ರಲ್ಲೇ ತೀರಿಕೊಂಡಿದ್ದು, ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಓರ್ಮ್ 1804–05ರ ಹೊತ್ತಿಗೆ ಆಕ್ವಾಟಿಂಟ್‌ನಲ್ಲಿ, ಅಂದರೆ ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಆಮ್ಲದಿಂದ ಕೊರೆಯಿಸುವ ವಿಧಾನದಲ್ಲಿ, ಪ್ರಕಟಿಸಿದನು. ನೆರಳು ಬೆಳಕಿನ ಹದ ಈ ಬಗೆಯ ಚಿತ್ರಗಳಲ್ಲಿ ಮನೋಹರವಾಗಿರುತ್ತದೆ. ಆದರೆ ಅವುಗಳಲ್ಲಿ ಜನರು ಬಹುಮಟ್ಟಿಗೆ ಕಟ್ಟಡದ ಎತ್ತರವನ್ನು ತೋರಿಸುವಷ್ಟಕ್ಕೆ ನಿಂತಿರುತ್ತಾರೆಯೇ ಹೊರತು, ತಮ್ಮ ಬೀದಿಯಲ್ಲಿ ತಾವು ಬಾಳುತ್ತಿರುವವರಂತೆ ಕಾಣುವುದಿಲ್ಲ.

ನಮ್ಮ ಬೀದಿಗೆ ಚಿತ್ರಕಾರ ದೊರೆಯದಿರಲು ಕೈಚಳಕದ ಕೊರತೆ ಕಾರಣವಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಲೋಹದ ಕಂಟದಿಂದ ಕೆರೆದು ಒಳಗಿನ ಬಿಳಿಯನ್ನು ತೆರೆಯುವ ಕಾವಿ ಕಲೆ ಶಿರಸಿಯ ಮಾರಿಕಾಂಬಾ ದೇವಾಲಯದಲ್ಲೂ ಇತ್ತು. ತಾಮ್ರದ ತಗಡು ಕೊರೆಯುವವನಿಗೆ ಬೇಕಾದ ಗೆರೆಯ ನಿಶ್ಚಯವೇ ಕಾವಿಯವನಿಗೂ ಬೇಕು, ಏಕೆಂದರೆ ಒಮ್ಮೆ ಕೆರೆದದ್ದನ್ನು ಅಳಿಸಲಾಗದು. ಗೋಡೆಯ ಚಿತ್ರ ಮಾತ್ರ ಗೋಡೆಯಲ್ಲೇ ಉಳಿಯುತ್ತದೆ, ಪ್ರತಿಗಳಾಗಿ ಮನೆಮನೆಗೆ ಹೋಗುವುದಿಲ್ಲ.

ಹಾಗೆ ಹೋಗಬಲ್ಲ ಕಲ್ಲಚ್ಚು 1841ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ಗೆ ಬಂದಿತು. ಶಿರಸಿಯೂ ಮಂಗಳೂರೂ ಆಗ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು. ಆ ಮಿಶನ್‌ನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಆ ಕಲ್ಲಿನಿಂದಲೇ ಅಚ್ಚಾಯಿತು. ಊರ ವರ್ತಮಾನ, ಸರಕಾರದ ನಿರೂಪ, ಕಥೆಗಳು ಅದರಲ್ಲಿ ಸ್ಥಾನ ಪಡೆದುವು. ಕನ್ನಡದ ಪೇಟೆಯ ದಿನಚರಿ ಹೀಗೆ ಕಲ್ಲಿನ ಮೇಲೆ ಮೊದಲು ಮೂಡಿದ್ದು ಅಕ್ಷರವಾಗಿ. ಅಕ್ಷರವನ್ನೂ ಚಿತ್ರದಂತೆ ಕೈಯಿಂದಲೇ ಬರೆಯುವ ಆ ಕಲ್ಲಿನಲ್ಲಿ ಬೀದಿಯ ಒಂದು ನೋಟವನ್ನು ಸೇರಿಸಲು ಬೇರೆ ಯಂತ್ರವೇನೂ ಬೇಕಿರಲಿಲ್ಲ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆದು, ಅಚ್ಚುಮೊಳೆಗಳ ಮುದ್ರಣಕ್ಕೆ ತಿರುಗಿತು.