ಡಬ್ಬಿ ಎತ್ತು ಅಂದಾಗ

ಕಂಪ್ಯೂಟರ್ ಆಟಕ್ಕೂ ದಲಿತ ವಿಮರ್ಶೆಗೂ ಎತ್ತಣಿಂದೆತ್ತ ಸಂಬಂಧ ಅಂತ ಮೂಗು ಮುರಿಯುವ ಗೆಳೆಯರಿದ್ದಾರೆ. ಕಾದಂಬರಿ, ಸಿನಿಮಾಗಳನ್ನು ನಮ್ಮ ಕಣ್ಣಿನಿಂದ ಓದುವ ಹಕ್ಕಿಗಾಗಿ ಇಷ್ಟು ವರ್ಷ ಜಗಳವಾಡಿದ ನಾವು, ಹುಡುಗರು ನಿದ್ದೆಗೆಟ್ಟು ಆಡುವ ಆಟಗಳನ್ನು ಮಾತ್ರ ಯಾಕೆ ಬಿಟ್ಟುಕೊಡಬೇಕು?

ಅಮೆರಿಕದ ವಾಲ್ವ್ ಕಂಪನಿ 2004ರಲ್ಲಿ ಹೊರತಂದ ‘ಹಾಫ್-ಲೈಫ್ 2’ ಬಂದೂಕು ಹಿಡಿದು ಸುಡುವ ಆಟ. ನಾಯಕನ ಕಣ್ಣಿಗೆ ಕಂಡದ್ದಷ್ಟೇ ನಮಗೆ ಕಾಣುವುದು. ಕಂಬೈನ್ ಎಂಬ ಅನ್ಯಲೋಕದ ಸಾಮ್ರಾಜ್ಯ ಏಳೇ ಗಂಟೆಗಳ ಯುದ್ಧದಲ್ಲಿ ಭೂಮಿಯನ್ನು ಗೆದ್ದುಕೊಂಡಿದೆ. ಪೂರ್ವ ಯುರೋಪಿನ ಚಹರೆಯಿರುವ ‘ಸಿಟಿ 17’ ಎಂಬ ಊರಿಗೆ ಗಾರ್ಡನ್ ಫ್ರೀಮನ್ ಎಂಬ ಭೌತವಿಜ್ಞಾನಿ ರೈಲಿನಲ್ಲಿ ಬಂದಿಳಿಯುತ್ತಾನೆ. ಆಡುವಾಗ ಆ ಫ್ರೀಮನ್ನೇ ನಾವು.

ಇಳಿದಾಗ ಕೈಯಲ್ಲಿ ಬಂದೂಕಿಲ್ಲ. ದೊಡ್ಡ ಪರದೆಯ ಮೇಲೆ ಬ್ರೀನ್ ಎಂಬ ಆಡಳಿತಗಾರ ಸ್ವಾಗತ ಭಾಷಣ ಮಾಡುತ್ತಿದ್ದಾನೆ. ಜನರೆಲ್ಲ ಒಂದೇ ಬಗೆಯ ನೀಲಿ ಬಟ್ಟೆ ತೊಟ್ಟು ತಲೆ ತಗ್ಗಿಸಿ ನಿಂತಿದ್ದಾರೆ. ಒಬ್ಬ ಮೆಲ್ಲಗೆ ಹೇಳುತ್ತಾನೆ: ಇಲ್ಲಿನ ನೀರು ಕುಡೀಬೇಡ, ಹಿಂದಿನದೆಲ್ಲ ಮರೆತುಹೋಗೋಕೆ ಅದರಲ್ಲಿ ಏನೋ ಬೆರೆಸ್ತಾರೆ. ಮುಂದೆ ಬಾಗಿಲಲ್ಲಿ ಮುಖವಾಡದ ಪೊಲೀಸಿನವನು. ಖಾಲಿ ಡಬ್ಬಿಯೊಂದನ್ನು ತಾನೇ ನೆಲಕ್ಕೆ ಬೀಳಿಸಿ, ಎತ್ತು, ಕಸದ ತೊಟ್ಟಿಗೆ ಹಾಕು ಅನ್ನುತ್ತಾನೆ.

ನನ್ನ ಮಟ್ಟಿಗೆ ಇಡೀ ಆಟದ ಶಕ್ತಿ ಇಲ್ಲಿದೆ. ಎತ್ತಿ ಹಾಕಿದರೆ ಅವನು ನಕ್ಕು ದಾರಿ ಬಿಡುತ್ತಾನೆ. ಅವನ ಮೇಲೆಯೇ ಎಸೆದರೆ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಇಂಥ ಅಪ್ಪಣೆಯನ್ನು ಜನ್ಮಕ್ಕೆ ಕೇಳದ ಅಮೆರಿಕದ ಮಧ್ಯಮವರ್ಗದ ಹುಡುಗ ತನ್ನ ಬೆರಳಿನಿಂದಲೇ ಒತ್ತಿ ಆ ಡಬ್ಬಿಯನ್ನು ಎತ್ತಬೇಕು. ಅಲ್ಲಿ ಕಸವೇ ಇರಲಿಲ್ಲ. ಯಾರು ಎತ್ತುವವರು ಅಂತ ತೋರಿಸೋದಕ್ಕೆ ಕಸ ಹುಟ್ಟಿಸಲಾಗಿದೆ. ಜಾತಿಯ ಅವಮಾನ ಹೇಗೆ ಕೆಲಸ ಮಾಡುತ್ತದೆ ಅಂತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾದಲ್ಲಾದರೆ ಪ್ರೇಕ್ಷಕ ಅಯ್ಯೋ ಪಾಪ ಅಂದು ಪಾರಾಗಬಹುದು. ಈ ಆಟ ಮಾತ್ರ ಕಥೆ ಹೇಳುವ ನೆಪದಲ್ಲಿ ನಮ್ಮ ಕೈಯಿಂದ ಹಿಡಿತ ಕಿತ್ತುಕೊಳ್ಳುವುದೇ ಅಪರೂಪ. ಎತ್ತುವವರೂ ನಾವೇ, ಎಸೆಯುವವರೂ ನಾವೇ. ಆದರೆ ಮುಂದೆ ಕಂಪನಿಯವರು ಆಟಕ್ಕೆ ಪದಕಗಳನ್ನು ಸೇರಿಸಿದಾಗ ಡಬ್ಬಿ ಎಸೆದವನಿಗೆ ‘ಪ್ರತಿಭಟನಕಾರ’ ಎಂಬರ್ಥದ್ದೊಂದು, ಎತ್ತಿದವನಿಗೆ ‘ವಿಧೇಯ’ ಎಂಬರ್ಥದ್ದೊಂದು ಕೊಟ್ಟರು. ಅವಮಾನವನ್ನೂ ಪ್ರತಿಭಟನೆಯನ್ನೂ ಒಂದೇ ತಕ್ಕಡಿಗೆ ಹಾಕಿ ಎರಡಕ್ಕೂ ಬಹುಮಾನ! ಮಾರುಕಟ್ಟೆಗೆ ಇದು ಸಹಜವೇ ಇರಬೇಕು.

ಅದೇ ಸ್ಟೇಶನ್ನಿನಲ್ಲಿ ಇನ್ನೊಂದು ಜೀವವಿದೆ. ಕೊರಳಿಗೆ ಪಟ್ಟಿ ಬಿಗಿದ ವೋರ್ಟಿಗಾಂಟ್ ಒಂದು ಪೊರಕೆ ಹಿಡಿದು ನೆಲ ಗುಡಿಸುತ್ತಿರುತ್ತದೆ. ವೋರ್ಟಿಗಾಂಟರು ಬೇರೆ ಲೋಕದವರು, ತಲೆತಲಾಂತರದಿಂದ ಗುಲಾಮರು. 1998ರ ಮೊದಲ ‘ಹಾಫ್-ಲೈಫ್’ನಲ್ಲಿ ಆಟಗಾರ ಇವರನ್ನು ಶತ್ರುಗಳೆಂದು ಸಾಲುಸಾಲಾಗಿ ಕೊಂದಿದ್ದ. ಆ ಆಟದ ಕೊನೆಕೊನೆಗೆ ಕಾರ್ಖಾನೆಯೊಂದರಲ್ಲಿ ಇವರು ತಮ್ಮ ಪಾಡಿಗೆ ದುಡಿಯುತ್ತಿರುತ್ತಾರೆ. ನಾವು ಹೊಡೆಯದಿದ್ದರೆ ಅವರೂ ಹೊಡೆಯುವುದಿಲ್ಲ. ಇಷ್ಟು ದೊಡ್ಡ ಮಾತನ್ನು ಒಂದು ಅಕ್ಷರವೂ ಇಲ್ಲದೆ ಹೇಳಿದವರು, ಎರಡನೆಯ ಆಟದಲ್ಲಿ ಪೊರಕೆಯವನ ಹತ್ತಿರ ಬಂದು ಕೈಚೆಲ್ಲಿದ್ದಾರೆ. ಅವನ ಪಟ್ಟಿ ಬಿಚ್ಚೋಕಾಗಲ್ಲ, ಹೆಸರು ಕೇಳೋಕಾಗಲ್ಲ. ನೋಡಿ ಮುಂದೆ ಹೋಗಬೇಕು, ಅಷ್ಟೆ. ಊರಾಚೆಯ ಹೋರಾಟಗಾರರ ಜೊತೆ ಸ್ವತಂತ್ರ ವೋರ್ಟಿಗಾಂಟರು ಸಿಗುತ್ತಾರೆ, ನಿಜ. ಆದರೆ ಅವರಿಗೆ ತಮ್ಮವರನ್ನು ಕೊಂದ ಫ್ರೀಮನ್ ಮೇಲೆ ಸಿಟ್ಟಿಲ್ಲ. ಅವನ ಹೆಸರನ್ನು ಬಿಡಿಸಿ ‘ಸ್ವತಂತ್ರ ಮನುಷ್ಯ’ ಎಂದು ಕೊಂಡಾಡುತ್ತಾರೆ. ದಾಸರು ಭಕ್ತರಾಗಿದ್ದಾರೆ!

ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದ ಒಬ್ಬ ವಿಜ್ಞಾನಿ ಬಂದು ಬಿಡುಗಡೆ ತರುವ ಈ ಕಥನ ನಮಗೆ ಹೊಸದಲ್ಲ. ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ (1973) ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ, ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಅಲ್ಲಿ ಮಾತೆಲ್ಲ ಜಗನ್ನಾಥನದು, ಮೌನ ದಲಿತರದು. ಅಲ್ಲಿಯ ಲೇಖಕರಿಗೆ ತಮ್ಮ ನಾಯಕನ ಬಗ್ಗೆ ಅನುಮಾನಗಳಾದರೂ ಇದ್ದವು. ‘ಹಾಫ್-ಲೈಫ್ 2’ರಲ್ಲಿ ಇದು ತಿರುವುಮುರುವು: ಫ್ರೀಮನ್ ಆಟವಿಡೀ ಒಂದು ಮಾತೂ ಆಡುವುದಿಲ್ಲ, ಉಳಿದವರೆಲ್ಲ ಮಾತಾಡುತ್ತಾರೆ. ಹೀಗಾದರೂ ಕೇಂದ್ರ ಬದಲಾಗುವುದಿಲ್ಲ, ಯಾಕಂದ್ರೆ ಅವರ ಮಾತೆಲ್ಲ ಅವನ ಬಗ್ಗೆಯೇ. ಕೊನೆಯ ಭಾಗದಲ್ಲಿ ಜನ ದಂಗೆ ಏಳುತ್ತಾರೆ. ಅವರ ಕೆಲಸ ಇವನ ಹಿಂದೆ ಓಡುವುದು, ಇಕ್ಕಟ್ಟಾದ ಬಾಗಿಲಲ್ಲಿ ಅಡ್ಡ ಬಂದು ಕ್ಷಮೆ ಕೇಳುವುದು, ಸಾಯುವುದು. ಸತ್ತರೆ ಇನ್ನಷ್ಟು ಜನ ಬಂದು ಸೇರಿಕೊಳ್ಳುತ್ತಾರೆ. 1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ಅಂಬೇಡ್ಕರ್ ಅವರೊಂದಿಗೆ ಸಾವಿರಾರು ಜನ ನಡೆದುಹೋದರು, ತಮ್ಮ ಕೈಯಿಂದಲೇ ನೀರು ಮೊಗೆದು ಕುಡಿದರು. ನೀರಿನ ರಾಜಕಾರಣವನ್ನು ಮೊದಲ ಹತ್ತು ನಿಮಿಷದಲ್ಲೇ ಹಿಡಿದಿದ್ದ ಆಟಕ್ಕೆ ಇಂಥ ಸಮೂಹವನ್ನು ಕಲ್ಪಿಸಿಕೊಳ್ಳಲು ಆಗಿಲ್ಲ.

ಸುಡುವ ಆಟವಾಗಿಯೂ ಕೊರತೆಗಳಿವೆ. ದೋಣಿಯ, ಹೆದ್ದಾರಿಯ ಭಾಗಗಳು ಎಳೆದಾಡುತ್ತವೆ. ಸೈನಿಕರು 1998ರವರಷ್ಟು ಚುರುಕಿಲ್ಲ. ಗ್ರಾವಿಟಿ ಗನ್ ಮಾತ್ರ ಅದ್ಭುತ: ಗರಗಸದ ಚಕ್ರ, ಪೀಪಾಯಿ, ಕೈಗೆ ಸಿಕ್ಕ ಹಳೇ ಸಾಮಾನೆಲ್ಲ ಆಯುಧವಾಗುತ್ತವೆ. ಕಪ್ಪು ವಿಜ್ಞಾನಿ ಈಲೈ ವ್ಯಾನ್ಸ್, ಅವನ ಮಗಳು ಅಲಿಕ್ಸ್ ಬರೀ ಅಲಂಕಾರಕ್ಕೆ ಬಂದವರಲ್ಲ. ಅವರ ಬಗ್ಗೆ ಬೇರೆಯದೇ ಲೇಖನ ಬೇಕು.

ಕಥೆ ಮುಗಿಯುವಾಗ ಸೂಟು ತೊಟ್ಟ ನಿಗೂಢ ವ್ಯಕ್ತಿಯೊಬ್ಬ ಕಾಲವನ್ನೇ ನಿಲ್ಲಿಸಿ, ಫ್ರೀಮನ್ನನ ಸೇವೆಗೆ ಒಳ್ಳೊಳ್ಳೆ ಗಿರಾಕಿಗಳು ಬಂದಿದ್ದಾರೆ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಅಂದರೆ ಸ್ವತಂತ್ರ ಮನುಷ್ಯನೂ ಜೀತದವನೇ. 2006ರ ‘ಎಪಿಸೋಡ್ ಒನ್’ ಶುರುವಾಗುವಾಗ ಅವನನ್ನು ಆ ಸೂಟಿನವನ ಹಿಡಿತದಿಂದ ಬಿಡಿಸುವವರು ವೋರ್ಟಿಗಾಂಟರು. ಅಂದಿನ ಗುಲಾಮರು ಸಾಲಾಗಿ ನಿಂತು ಒಡೆಯನೊಬ್ಬನನ್ನು ತಡೆಯುತ್ತಾರೆ. ಈ ಸರಣಿಯಲ್ಲಿ ನಾನು ಮತ್ತೆಮತ್ತೆ ನೋಡುವ ದೃಶ್ಯ ಅದು. ಅರೆಗಳಿಗೆಯಲ್ಲಿ ಮುಗಿದುಹೋಗುತ್ತದೆ, ಮತ್ತೆ ಕಥೆ ಫ್ರೀಮನ್ನನದೇ. ಆ ಭಾಗದ ಕೊನೆಗೆ ಸಿಟಿ 17 ನಾಶವಾಗುತ್ತದೆ. ಅದಕ್ಕೆ ಮುಂಚೆ ನಾವು ಜನರನ್ನು ಗುಂಪುಗುಂಪಾಗಿ ರೈಲು ಹತ್ತಿಸಬೇಕು. ಸ್ಟೇಶನ್ನಿನಲ್ಲಿ ಪೊರಕೆ ಹಿಡಿದಿದ್ದವನು ಆ ರೈಲು ಹತ್ತಿದನೇ ಅಂತ ಆಟ ಕೇಳುವುದಿಲ್ಲ.