ಬೀಗದ ಮನೆಯೂ ನೆರೆಯ ಮನೆಯೂ: ಕಿರುತೆರೆಯ ಭಯಂಕರ ಪತಿಯನ್ನು ಕುರಿತು

ಕೈಹಿಡಿದವರನ್ನು ಸೊತ್ತೆಂದು ಬಗೆದು, ಆ ಸೊತ್ತು ಕೈತಪ್ಪೀತೆಂಬ ಶಂಕೆಯಿಂದ ಕ್ರೌರ್ಯಕ್ಕಿಳಿಯುವವರ ಕಥೆ ಹೊಸದಲ್ಲ. ದಾಂಪತ್ಯದೊಳಗೆ ಸಾವು ಅಡಗಿರಬಲ್ಲುದೆಂಬುದನ್ನು ಕ್ರಿ.ಶ. 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿದ ಜನ್ನನೇ ತೋರಿದ್ದಾನೆ. ಹೊಸದಾದದ್ದು ಈ ವಸ್ತು ಇಂದು ನಮ್ಮ ಪಡಸಾಲೆಗೆ ಬರುತ್ತಿರುವ ದಾರಿ. ಧಾರಾವಾಹಿಯೆಂಬುದು ವಿಮರ್ಶೆಗೆ ತಕ್ಕ ವಿಷಯವಲ್ಲವೆಂಬ ಭಾವನೆ ನಮ್ಮ ಕನ್ನಡ ವಿಭಾಗಗಳಲ್ಲಿ ಇನ್ನೂ ಉಳಿದಿದೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಒಂದು ಮಾತು ತಿಳಿದೇ ಇದೆ: ಹಗಲಲ್ಲಿ ಅಮೃತಮತಿಯ ಪ್ರಸಂಗವನ್ನು ಪರೀಕ್ಷೆಗಾಗಿ ಓದಿದ ವಿದ್ಯಾರ್ಥಿನಿ ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು ನೋಡುವುದು ಧಾರಾವಾಹಿಯನ್ನು. ಗಂಡನೆಂದರೆ ಯಾರು, ಪ್ರೀತಿಯೆಂದರೆ ಎಷ್ಟು, ಸಹಿಸಬೇಕಾದದ್ದು ಎಲ್ಲಿಯವರೆಗೆ ಎಂಬ ಪ್ರಶ್ನೆಗಳು ಆಕೆಗೆ ಎದುರಾಗುವುದು ಬಹುಮಟ್ಟಿಗೆ ಅಲ್ಲಿಯೇ.

ಅಮೆರಿಕದಲ್ಲಿ ಈ ವಸ್ತು ದೂರದರ್ಶನಕ್ಕೆಂದೇ ತಯಾರಾದ ಚಿತ್ರಗಳ ಒಂದು ಪ್ರತ್ಯೇಕ ವರ್ಗವಾಗಿಯೇ ಬೆಳೆಯಿತು. 1984ರಲ್ಲಿ ಪ್ರಸಾರವಾದ 'ದ ಬರ್ನಿಂಗ್ ಬೆಡ್' ಅವುಗಳಲ್ಲಿ ಗಣ್ಯವಾದದ್ದು. ವರ್ಷಗಟ್ಟಲೆ ಹೊಡೆತ ತಿಂದ ಹೆಂಗಸೊಬ್ಬಳು ಮಲಗಿದ್ದ ಗಂಡಸಿನ ಹಾಸಿಗೆಗೆ ಬೆಂಕಿಯಿಟ್ಟ ನಿಜಸಂಗತಿ ಅದರ ಆಧಾರ. 1991ರ 'ಸ್ಲೀಪಿಂಗ್ ವಿತ್ ದ ಎನಿಮಿ' ಚಿತ್ರಮಂದಿರಕ್ಕಾಗಿ ತಯಾರಾದದ್ದಾದರೂ ಅದೇ ಕುಲಕ್ಕೆ ಸೇರಿದ್ದು. ಗಂಡನಿಂದ ಪಾರಾಗಲು ಹೆಂಡತಿ ನೀರಿನಲ್ಲಿ ಮುಳುಗಿ ಸತ್ತಂತೆ ನಟಿಸುವ ಆ ಕಥೆಯ ನೆರಳು 1996ರ ಹಿಂದಿ 'ಅಗ್ನಿಸಾಕ್ಷಿ'ಯ ಮೇಲೆ ಬಿದ್ದುದನ್ನು ನೋಡಿದವರೆಲ್ಲ ಬಲ್ಲರು. ಈ ಚಿತ್ರಗಳ ಗುಣಾವಗುಣ ಏನೇ ಇರಲಿ, ಅವುಗಳಿಗೆಲ್ಲ ಒಂದು ಮುಕ್ತಾಯವಿದೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಒಬ್ಬರು ಉಳಿಯುತ್ತಾರೆ, ಒಬ್ಬರು ಅಳಿಯುತ್ತಾರೆ.

ಕನ್ನಡದಲ್ಲಿ ಅಂಥ ಚಿತ್ರಗಳ ಸ್ಥಾನವನ್ನು ದೈನಂದಿನ ಧಾರಾವಾಹಿ ತುಂಬಿದೆ. 2024ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ 'ಲಕ್ಷ್ಮೀ ನಿವಾಸ' ಮೂಲತಃ ಮಧ್ಯಮ ವರ್ಗದ ಕೂಡುಕುಟುಂಬವೊಂದರ ಕಥೆ. ಆದರೆ ಅದರಲ್ಲಿ ಜನರ ಬಾಯಲ್ಲಿ ನಿಂತದ್ದು ಆ ಮನೆಯ ಮಗಳು ಜಾಹ್ನವಿಯನ್ನು ವರಿಸಿದ ಶ್ರೀಮಂತ ಜಯಂತನ ಪಾತ್ರ. ಹೆಂಡತಿಯ ಮನಸ್ಸಿನಲ್ಲಿ ತನ್ನ ಹೊರತು ಬೇರೆ ಯಾರಿಗೂ ಎಡೆಯಿರಬಾರದೆಂಬುದು ಅವನ ಹಟ. ಅವಳನ್ನು ಅವನು ಕರೆಯುವುದು 'ಚಿನ್ನುಮರಿ' ಎಂದು. ಈ ಒಂದು ಸಂಬೋಧನೆಯಲ್ಲಿ ಪಾತ್ರದ ಸಾರವೆಲ್ಲ ಅಡಗಿದೆ. ಚಿನ್ನವು ಪೆಟ್ಟಿಗೆಯಲ್ಲಿಡತಕ್ಕ ವಸ್ತು, ಮರಿಯು ಕಟ್ಟಿ ಸಾಕತಕ್ಕ ಪ್ರಾಣಿ, ಎರಡಕ್ಕೂ ಒಡೆಯನಿರುತ್ತಾನೆ. ಸಂಭಾಷಣಕಾರರು ಇದನ್ನು ಬುದ್ಧಿಪೂರ್ವಕವಾಗಿ ಬಳಸಿದರೋ ಕಾಣೆ, ಆದರೆ ಧಾರಾವಾಹಿಗಳ ಭಾಷೆಯಲ್ಲಿ ಇಷ್ಟು ಅರ್ಥಗರ್ಭಿತವಾದ ಪದ ದೊರೆಯುವುದು ಅಪರೂಪ. ಅದೀಗ ಹುಡುಗರ ತಮಾಷೆಯ ಮಾತೂ ಆಗಿದೆಯೆಂಬುದು ಯೋಚಿಸಬೇಕಾದ ಸಂಗತಿ.

ಧಾರಾವಾಹಿಯ ಮೊದಲ ಗುಣವೆಂದರೆ ಅದು ಮುಗಿಯಲೊಲ್ಲದು. ಜಾಹ್ನವಿ ಕಡಲುಪಾಲಾದಳೆಂದು ಜಯಂತನು ನಂಬಿದ ಮೇಲೂ ಕಥೆ ನಿಲ್ಲುವುದಿಲ್ಲ. ಅವನ ಶೋಕವೇ ಮುಂದಿನ ಕಂತುಗಳಿಗೆ ಮೇವಾಗುತ್ತದೆ. ಪಾತ್ರವೊಂದು ನೂರಾರು ಸಂಜೆ ನಮ್ಮೆದುರಿಗೆ ಬರಬೇಕಾದರೆ ಅದು ಕೇವಲ ಭಯಂಕರವಾಗಿದ್ದರೆ ಸಾಲದು, ಪ್ರಿಯವೂ ಆಗಬೇಕು. ಆದುದರಿಂದ ಇಂದು ಕತ್ತು ಹಿಸುಕಲು ಮುಂದಾದ ಕೈ ನಾಳೆ ತುತ್ತು ಉಣಿಸುತ್ತದೆ. ದಿನದಿನವೂ ಈ ಆವರ್ತನೆಯನ್ನು ಕಂಡ ಪ್ರೇಕ್ಷಕರು ತುತ್ತನ್ನು ಹಿಸುಕಿದ ಕೈಯ ಪ್ರಾಯಶ್ಚಿತ್ತವೆಂದು ಕಾಣತೊಡಗುತ್ತಾರೆ, ಕಡೆಗೆ ಹಿಸುಕಿದ್ದನ್ನೂ ಪ್ರೀತಿಯ ಅತಿರೇಕವೆನ್ನುತ್ತಾರೆ. ಇಲ್ಲಿ ಬರೆದವರ ದೋಷಕ್ಕಿಂತ ಪ್ರಕಾರದ ಒತ್ತಾಯವೇ ಹೆಚ್ಚೆಂದು ನನ್ನ ಅಭಿಪ್ರಾಯ. ಪರಿಣಾಮವಂತೂ ಅದೇ.

ಇದರೊಡನೆ ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು (1988) ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎ. ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳು ಅದಕ್ಕೆ ಮೂಲ; ಟಿ. ಎಸ್. ನಾಗಾಭರಣರು ಅದನ್ನು 1997ರಲ್ಲಿ ಚಲನಚಿತ್ರವಾಗಿಸಿದರು. ಗೋಪಾಲ ವಾಜಪೇಯಿಯವರ ಉತ್ತರ ಕರ್ನಾಟಕದ ಸಂಭಾಷಣೆಯಿಂದಾಗಿ ಆ ಚಿತ್ರ ನಮ್ಮ ಸೀಮೆಯವರಿಗೆ ಇನ್ನಷ್ಟು ಹತ್ತಿರದ್ದು. ಅಪ್ಪಣ್ಣನು ರಾಣಿಯನ್ನು ಮನೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ, ಮಧ್ಯಾಹ್ನ ಉಣ್ಣಲು ಬರುತ್ತಾನೆ. ಇರುಳು ಅವನದೇ ರೂಪದಿಂದ ನಾಗನು ಬರುತ್ತಾನೆ. ಹಗಲಿನ ಕ್ರೂರ ಮುಖವೂ ಇರುಳಿನ ಮೃದು ಮುಖವೂ ಒಂದೇ. ಚಿತ್ರದಲ್ಲಿ ಎರಡನ್ನೂ ಪ್ರಕಾಶ್ ರಾಜ್ ಒಬ್ಬರೇ ಅಭಿನಯಿಸಿದ್ದಾರೆ. ಜಯಂತನಲ್ಲಿ ಬೆರೆತುಹೋಗಿರುವುದನ್ನು ಕಾರ್ನಾಡರು ಬಿಡಿಸಿ ಎರಡು ಜೀವಗಳಾಗಿ ಮಾಡಿದರು. ಅದರಿಂದಾಗಿ ನಾಗನ ಒಲವು ಅಪ್ಪಣ್ಣನ ಬೀಗಕ್ಕೆ ಎಂದೂ ಸಮಾಧಾನವಾಗಲಾರದು. ಎರಡನ್ನೂ ಒಬ್ಬನಲ್ಲೇ ಹೊಂದಿಸಿಕೊಳ್ಳಲಾರದೆ ತೊಳಲುವ ರಾಣಿಯ ಬುದ್ಧಿಯೇ ನಾಟಕದ ನಿಜವಾದ ರಂಗ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು, ವಿಮರ್ಶಕರು ಅದನ್ನು ಸಾಕಷ್ಟು ಒತ್ತಿ ಹೇಳಿದಂತಿಲ್ಲ. ರಾಣಿಯ ಮನೆಗೆ ನೆರೆಯಿದೆ. ಕಣ್ಣಿಲ್ಲದ ಕುರುಡವ್ವ ಮಗನ ಹೆಗಲೇರಿ ಬರುತ್ತಾಳೆ, ಬೀಗವನ್ನು ಅರಿಯುತ್ತಾಳೆ, ಕಿಟಕಿಯಿಂದ ಮಾತಾಡಿಸುತ್ತಾಳೆ. ನಾಟಕದ ಹೊರಕಥೆಯಲ್ಲಿ ಊರ ದೀಪಗಳ ಜ್ವಾಲೆಗಳು ಇರುಳು ಪಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಯಲ್ಲಿ ಕಂಡದ್ದನ್ನು ಆಡಿಕೊಳ್ಳುತ್ತವೆ. ಸಾಕ್ಷಿಯಿಲ್ಲದ ಮನೆಯೇ ಇಲ್ಲವೆಂಬುದು ಇದರ ಧ್ವನಿ. ಇಷ್ಟು ಸಾಕ್ಷಿಗಳಿದ್ದೂ ಊರ ಹಿರಿಯರೆದುರು ವಿಚಾರಣೆ ನಡೆಯುವುದು ರಾಣಿಯ ಶೀಲವನ್ನು ಕುರಿತು, ಬೀಗವನ್ನು ಕುರಿತಲ್ಲ. ಆಕೆ ಹಾವನ್ನು ಹಿಡಿದು ದೇವಿಯೆನಿಸಿಕೊಂಡಾಗ ಜನರೆಲ್ಲ ಕೈಮುಗಿಯುತ್ತಾರೆ. ಅದುವರೆಗೆ ಸುಮ್ಮನಿದ್ದವರೂ ಈ ಜನರೇ. ಅಪರಾಧ ಅಪ್ಪಣ್ಣನೊಬ್ಬನದಾಗಿ ಉಳಿಯದೆ ಊರಿನದೂ ಆಗುತ್ತದೆ.

ಜಯಂತನ ಮನೆ ಹಾಗಲ್ಲ. ಅದು ದೊಡ್ಡದು, ಒಂಟಿಯಾದದ್ದು. ನೆರೆಹೊರೆಯೆಂಬುದು ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಭಯ ಹುಟ್ಟಿಸಲು ಅಂಥ ಮನೆ ಅನುಕೂಲ, ನಿಜ. ಆದರೆ ಅದನ್ನು ನೋಡುತ್ತ ಕುಳಿತವರ ಮನೆಗಳು ಎಂಥವು? ನಮ್ಮ ಹಳ್ಳಿಗಳಲ್ಲಿ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆಯಿರುವುದು ಸಾಮಾನ್ಯ. ಈ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ. ಯಾರ ಮನೆಯ ಕೀಲಿ ಯಾವಾಗ ಬಿತ್ತು, ಯಾವಾಗ ತೆರೆಯಿತು ಎಂಬುದು ಓಣಿಗೆಲ್ಲ ಗೊತ್ತು. ಕೇಳಿಸದಿರುವುದು ನಮ್ಮ ತೊಡಕಲ್ಲ, ಕೇಳಿಸಿಯೂ ಏಳದಿರುವುದು. ಅದಕ್ಕೆ ಗಾದೆಯೂ ಸಿದ್ಧವಾಗಿದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಧಾರಾವಾಹಿ ಈ ಗಾದೆಯನ್ನು ಪರೀಕ್ಷಿಸುವುದೇ ಇಲ್ಲ. ಗೋಡೆಯಾಚೆಯವರನ್ನೇ ಕಥೆಯಿಂದ ತೆಗೆದುಹಾಕಿ, ಗೋಡೆಯಾಚೆ ಕುಳಿತು ನೋಡುವವರಿಗೆ ಬಿಡುಗಡೆ ಕೊಡುತ್ತದೆ.

ಬಿಡುಗಡೆಗೆ ಇನ್ನೊಂದು ಉಪಾಯವೂ ಉಂಟು. ಈ ಜಾತಿಯ ಕಥೆಗಳು ಕಾರಣ ಹೇಳಬೇಕಾದಾಗ ಬಾಲ್ಯದ ಗಾಯವನ್ನೋ ಮನೋರೋಗವನ್ನೋ ಮುಂದಿಡುತ್ತವೆ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಭಕ್ತರಾದ ಕನಕದಾಸರು ನಳಚರಿತ್ರೆಯಲ್ಲಿ ಹೇಳಿದ ನಳನ ಕಥೆಯಲ್ಲಿಯೂ ಹೆಂಡತಿಯನ್ನು ಕಾಡಿನಲ್ಲಿ ತೊರೆಯುವ ನಳನ ಮೈಯೊಳಗೆ ಕಲಿ ಹೊಕ್ಕಿರುತ್ತಾನೆ. ಹೊರಗಿನಿಂದ ಬಂದ ಕೇಡೆಂಬ ವಿವರಣೆ ನಮಗೆ ಹಳೆಯದೇ. ಆದರೆ ಕಲಿ ತೊಲಗಿದ ಮೇಲೂ ಕಾಡಿನಲ್ಲಿ ಅಲೆದ ದಮಯಂತಿಯ ದುಃಖಕ್ಕೆ ಕಾವ್ಯದಲ್ಲಿ ಬೆಲೆಯಿದೆ. ಧಾರಾವಾಹಿಯಲ್ಲಿಯಾದರೋ ಕಾರಣ ಹೊಳೆದ ಕ್ಷಣದಿಂದ ಕನಿಕರವೆಲ್ಲ ಗಂಡನ ಕಡೆಗೆ ವಾಲುತ್ತದೆ.

ಇಲ್ಲಿ ಕಾನೂನಿನ ಒಂದು ಕಾಗದವನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಓದುವುದು ಲೇಸು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಆದ ಕಾಯ್ದೆಗೆ 2006ರಲ್ಲಿ ನಿಯಮಗಳು ಬಂದವು. ಅವುಗಳ ಮೊದಲನೆಯ ನಮೂನೆಯಲ್ಲಿ ಹಿಂಸೆಯ ಬಗೆಗಳನ್ನು ಪಟ್ಟಿಮಾಡಿದೆ: ಮನೆಯಿಂದ ಹೊರಹೋಗದಂತೆ ತಡೆಯುವುದು, ಇಂಥವರನ್ನು ಕಾಣಬಾರದೆಂದು ತಡೆಯುವುದು, ಉದ್ಯೋಗಕ್ಕೆ ಸೇರದಂತೆ ತಡೆಯುವುದು ಇತ್ಯಾದಿ. ಅಪ್ಪಣ್ಣ, ಜಯಂತ ಇಬ್ಬರ ಕಥಾಸಾರವೂ ಆ ಒಣ ಪಟ್ಟಿಯಲ್ಲಿದೆ. ಕಾಯ್ದೆಯ ನಾಲ್ಕನೆಯ ಪ್ರಕರಣವು ಹಿಂಸೆ ನಡೆದಿದೆಯೆಂದು, ನಡೆಯುತ್ತಿದೆಯೆಂದು, ಇಲ್ಲವೆ ನಡೆಯಬಹುದೆಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದೆನ್ನುತ್ತದೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸುವಂತಿಲ್ಲ. ಕುರುಡವ್ವನಿಗೆ ಕಾನೂನಿನಲ್ಲಿ ಸ್ಥಾನ ದೊರೆತಿದೆ, ಧಾರಾವಾಹಿಯಲ್ಲಿ ದೊರೆತಿಲ್ಲ.

ಈ ವಿಷಯದಲ್ಲಿ ಆಗಬೇಕಾದ ಕೆಲಸ ಬಹಳವಿದೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕಂತುಗಳ ಕಥೆಯನ್ನು ಸಂಗ್ರಹಿಸುವುದಕ್ಕಿಂತ, ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ ಆ ಕಂತು ನಡೆಯುತ್ತಿರುವಾಗ ಅತ್ತೆ, ಸೊಸೆ, ಮಗಳು, ಮಗ ಏನೇನು ಮಾತಾಡುತ್ತಾರೆಂಬುದನ್ನು, ಯಾವ ಮಾತಿಗೆ ಯಾರು ಸುಮ್ಮನಾಗುತ್ತಾರೆಂಬುದನ್ನು ಬರೆದುಕೊಂಡರೆ ಹೆಚ್ಚು ಉಪಯೋಗವಾದೀತು. 'ಚಿನ್ನುಮರಿ' ಎಂಬ ಮಾತಿಗೆ ನಗುವವರು ಯಾರು, ನಗದವರು ಯಾರು ಎಂಬುದರಿಂದಲೇ ಆರಂಭಿಸಬಹುದು.