ಬಾಗಿಲಾಚೆ ಕುಳಿತವರು

ಪರೀಕ್ಷೆಗೆ ಕೂತ ಮಕ್ಕಳ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಕೋಣೆಯ ಹೊರಗೆ, ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತ ಅಪ್ಪ ಅಮ್ಮಂದಿರ ಕಥೆ ಹೇಳುವವರು ಕಡಿಮೆ. ಮೂವತ್ತು ವರ್ಷದ ಹತ್ತಿರ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮಕ್ಕಳನ್ನು ಕುರಿತ ಯಾವ ಸಿನಿಮಾ ನೋಡಿದರೂ ನನ್ನ ಕಣ್ಣು ಮಗುವಿನಿಂದ ಜಾರಿ ಅದರ ಹಿಂದೆ ನಿಂತವರ ಕಡೆಗೆ ಹೋಗಿಬಿಡುತ್ತದೆ. ಬ್ಯಾಲೆ ಕಲಿಯುವ ಮಕ್ಕಳ ಮೇಲಿನ ನಾಲ್ಕು ಚಿತ್ರಗಳನ್ನು ಬೇರೆ ಬೇರೆ ಕಾಲದಲ್ಲಿ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚು ಜನ ಬಲ್ಲದ್ದು 2000ದಲ್ಲಿ ಬಂದ ಇಂಗ್ಲೆಂಡಿನ ‘ಬಿಲ್ಲಿ ಎಲಿಯಟ್’. ಅದರ ಬಗ್ಗೆ ನನಗೆ ದೊಡ್ಡ ಮೆಚ್ಚುಗೆಯಿದೆ, ಒಂದು ದೂರೂ ಇದೆ. ಎರಡಕ್ಕೂ ಕಾರಣ ಅದರಲ್ಲಿ ಬರುವ ಅಪ್ಪ.

ಮೊದಲು ಈ ಶಾಲೆಗಳ ರೀತಿಯನ್ನು ಸ್ವಲ್ಪ ಹೇಳಬೇಕು. ನಮ್ಮೂರಿನಲ್ಲಿ ಭರತನಾಟ್ಯಕ್ಕೆ ಮಗುವನ್ನು ಸೇರಿಸಬೇಕೆಂದರೆ ವಿಜಯದಶಮಿಯ ದಿನ ಫಲ ತಾಂಬೂಲ ಇಟ್ಟು ಗುರುಗಳಿಗೆ ನಮಸ್ಕಾರ ಮಾಡಿಸಿದರಾಯಿತು. ಅರಮಂಡಿ ಕೂರಲು ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ವೃತ್ತಿಪರ ಬ್ಯಾಲೆ ಶಾಲೆಯಲ್ಲಿ ಆ ಮಾತೇ ಮೊದಲು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾಗನೋವಾ ಅಕಾಡೆಮಿ 1738ರಷ್ಟು ಹಳೆಯದು. ಅಲ್ಲಿ ಹತ್ತು ವರ್ಷದ ಹೊತ್ತಿಗೆ ಮಕ್ಕಳನ್ನು ಆರಿಸಿಕೊಂಡು ಎಂಟು ವರ್ಷ ತಿದ್ದುತ್ತಾರೆ. ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಯ ಕಿರಿಯರ ವಿಭಾಗ 1955ರಿಂದ ರಿಚ್ಮಂಡ್ ಪಾರ್ಕಿನ ‘ವೈಟ್ ಲಾಡ್ಜ್’ ಎಂಬ ಹಳೆಯ ರಾಜಮನೆತನದ ಕಟ್ಟಡದಲ್ಲಿದೆ. ಅಲ್ಲಿಗೆ ಹನ್ನೊಂದರ ವಯಸ್ಸಿನಲ್ಲಿ ಮಕ್ಕಳು ಹೋಗುತ್ತಾರೆ. ನೃತ್ಯ, ಗಣಿತ, ಊಟ, ನಿದ್ರೆ ಎಲ್ಲವೂ ಅಲ್ಲೇ. ಆಯ್ಕೆಯ ದಿನ ಪರೀಕ್ಷಕರು ಮಗು ಈಗ ಎಷ್ಟು ಚೆನ್ನಾಗಿ ಕುಣಿಯುತ್ತದೆ ಎಂಬುದಕ್ಕಿಂತ ಮುಂದೆ ಏನಾದೀತು ಎಂದು ನೋಡುತ್ತಾರೆ. ಸೊಂಟದ ಕೀಲು ಹೊರಕ್ಕೆ ಎಷ್ಟು ತಿರುಗುತ್ತದೆ, ಪಾದದ ಕಮಾನು ಹೇಗಿದೆ, ಬೆನ್ನು ಎಷ್ಟು ಬಾಗುತ್ತದೆ, ಸಂಗೀತ ಮೈಗೆ ಹತ್ತುತ್ತದೆಯೇ. ಬೆಳೆಯುವ ಪೈರು ಮೊಳಕೆಯಲ್ಲೇ ಎಂಬ ನಮ್ಮ ಗಾದೆಯನ್ನು ಇಷ್ಟು ಅಕ್ಷರಶಃ ನಂಬಿದವರು ಬೇರೆ ಇರಲಾರರು.

1977ರ ‘ದಿ ಚಿಲ್ಡ್ರನ್ ಆಫ್ ಥಿಯೇಟರ್ ಸ್ಟ್ರೀಟ್’ ಎಂಬ ಸಾಕ್ಷ್ಯಚಿತ್ರ ಈ ಮೊಳಕೆಯ ಪರೀಕ್ಷೆಯನ್ನು ನಮ್ಮ ಕಣ್ಣೆದುರು ಇಡುತ್ತದೆ. ಪೀಟರ್ಸ್‌ಬರ್ಗ್ ಆಗ ಲೆನಿನ್‌ಗ್ರಾಡ್ ಆಗಿತ್ತು. ನಟಿಯಾಗಿದ್ದು ಮೊನಾಕೊದ ರಾಜವಂಶಕ್ಕೆ ಸೊಸೆಯಾಗಿ ಹೋದ ಗ್ರೇಸ್ ಕೆಲ್ಲಿ ಅದಕ್ಕೆ ನಿರೂಪಣೆಯ ಧ್ವನಿ ಕೊಟ್ಟಿದ್ದಾರೆ. ಒಳಚಡ್ಡಿಯಲ್ಲಿ ಸಾಲಾಗಿ ನಿಂತ ಪುಟ್ಟ ಮಕ್ಕಳ ಕೈಕಾಲುಗಳನ್ನು ದೊಡ್ಡವರು ಎತ್ತಿ, ತಿರುಗಿಸಿ ನೋಡುವುದನ್ನು ಕಂಡರೆ ಸಂತೆಯಲ್ಲಿ ಹೋರಿಕರುವಿನ ಹಲ್ಲು ನೋಡುವವರ ನೆನಪಾಗುತ್ತದೆ. ಚಿತ್ರ ಸುಂದರವಾಗಿದೆ, ಮಕ್ಕಳ ಶ್ರಮದ ಬಗ್ಗೆ ಗೌರವವಿದೆ. ಆದರೆ ಅದು ಬೆನ್ನು ಹತ್ತುವುದು ಒಳಗೆ ಸೇರಿದ ಮಕ್ಕಳನ್ನು. ಬೇಡವೆನ್ನಿಸಿಕೊಂಡ ಮಗುವಿನ ಕೈ ಹಿಡಿದು ಟ್ರಾಮು ಹತ್ತಿದ ತಾಯಿ ಆ ಸಂಜೆ ಏನು ಹೇಳಿ ಸಮಾಧಾನ ಮಾಡಿದಳೋ, ನಾವೇ ಊಹಿಸಿಕೊಳ್ಳಬೇಕು.

‘ಬಿಲ್ಲಿ ಎಲಿಯಟ್’ ಚಿತ್ರ ಹೊರಗಿನವರನ್ನು ಒಳಗೆ ಕರೆದುಕೊಂಡಿತು. ಲೀ ಹಾಲ್ ಬರೆದು ಸ್ಟೀಫನ್ ಡಾಲ್ಡ್ರಿ ನಿರ್ದೇಶಿಸಿದ ಈ ಕಥೆ ನಡೆಯುವುದು ಉತ್ತರ ಇಂಗ್ಲೆಂಡಿನ ಒಂದು ಕಲ್ಲಿದ್ದಲಿನ ಊರಿನಲ್ಲಿ, 1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ನಡೆದ ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ. ತಾಯಿಯಿಲ್ಲದ ಹನ್ನೊಂದರ ಹುಡುಗ ಬಿಲ್ಲಿ. ಅಪ್ಪ, ಅಣ್ಣ ಇಬ್ಬರೂ ಮುಷ್ಕರದಲ್ಲಿದ್ದಾರೆ, ಮನೆಯಲ್ಲಿ ಮರೆವಿನ ಅಜ್ಜಿ. ಬಾಕ್ಸಿಂಗಿಗೆಂದು ಅಪ್ಪ ಕೊಟ್ಟ ಐವತ್ತು ಪೆನ್ಸನ್ನು ಹುಡುಗ ಬ್ಯಾಲೆ ತರಗತಿಗೆ ಕೊಡುತ್ತಾನೆ. ತಿಳಿದಾಗ ಅಪ್ಪ ಕೂಗಾಡುತ್ತಾನೆ. ಗಂಡುಮಗ ಕುಣಿಯುವುದೆಂದರೇನು? ಈ ಪ್ರಶ್ನೆ ನಮಗೇನೂ ಹೊಸದಲ್ಲ.

ಆ ಅಪ್ಪನನ್ನು ಖಳನಾಯಕನಾಗಿ ಮಾಡಿದ್ದರೆ ಚಿತ್ರ ಸುಲಭವಾಗುತ್ತಿತ್ತು, ಸಪ್ಪೆಯೂ ಆಗುತ್ತಿತ್ತು. ಗ್ಯಾರಿ ಲೂಯಿಸ್ ಎಂಬ ನಟ ಆ ಪಾತ್ರದಲ್ಲಿ ಸೋತ ಗಂಡಸೊಬ್ಬನ ಮರ್ಯಾದೆಯನ್ನು ಕಾಪಾಡಿದ್ದಾನೆ. ಕ್ರಿಸ್ಮಸ್ಸಿಗೆ ಮನೆಯಲ್ಲಿ ಸೌದೆಯಿಲ್ಲ. ತೀರಿಹೋದ ಹೆಂಡತಿಯ ಪಿಯಾನೋವನ್ನೇ ಒಡೆದು ಒಲೆಗೆ ಹಾಕುತ್ತಾನೆ, ಊಟದ ಮೇಜಿನಲ್ಲಿ ಅಳುತ್ತಾನೆ. ಅದೇ ರಾತ್ರಿ ಮಗ ಕುಣಿಯುವುದನ್ನು ಮೊದಲ ಸಲ ಕಣ್ಣಾರೆ ನೋಡುತ್ತಾನೆ. ಮರುಮಾತಾಡದೆ ನೆಟ್ಟಗೆ ಬ್ಯಾಲೆ ಟೀಚರಮ್ಮನ ಮನೆಗೆ ಹೋಗಿ ಖರ್ಚೆಷ್ಟಾದೀತು ಎಂದು ಕೇಳುತ್ತಾನೆ. ಲಂಡನ್ನಿಗೆ ಹೋಗುವ ಹಣ ತಾನೇ ಕೊಡುತ್ತೇನೆಂದರೆ ಒಪ್ಪುವುದಿಲ್ಲ. ಮಗ ತನ್ನವನು, ದಾರಿ ತಾನೇ ಮಾಡಬೇಕು.

ಆ ದಾರಿ ಯಾವುದು? ಮುಷ್ಕರ ಮುರಿದವರನ್ನು ಗಣಿಗೆ ಕರೆದೊಯ್ಯುವ, ಕಿಟಕಿಗೆಲ್ಲ ತಂತಿಬಲೆ ಹೊದಿಸಿದ ಬಸ್ಸು. ತಿಂಗಳುಗಟ್ಟಲೆ ಆ ಬಸ್ಸಿಗೆ ಧಿಕ್ಕಾರ ಕೂಗಿದವನು ಒಂದು ಬೆಳಿಗ್ಗೆ ತಲೆತಗ್ಗಿಸಿ ಅದನ್ನು ಹತ್ತುತ್ತಾನೆ. ದೊಡ್ಡ ಮಗ ಓಡಿಬಂದು ತಡೆದಾಗ ಬೀದಿಯಲ್ಲೇ ಕುಸಿದು ಅಳುತ್ತಾನೆ. ಕಡೆಗೆ ಹೆಂಡತಿಯ ಒಡವೆ ಅಡವಿಡುತ್ತಾನೆ, ಜೊತೆಗಾರರು ಚಿಲ್ಲರೆ ಕೂಡಿಸುತ್ತಾರೆ. ಹೆಂಡತಿಯ ಒಡವೆಯೆಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ಬಸ್ಸಿನಲ್ಲಿ ಹುಡುಗ ಆ ಊರು ಹೇಗಿದೆ ಎಂದು ಕೇಳುತ್ತಾನೆ. ಅಪ್ಪ ಅಲ್ಲಿಗೆ ಹೋದವನೇ ಅಲ್ಲ. ಅಲ್ಲಿ ಗಣಿಗಳಿಲ್ಲವಲ್ಲ! ನಗು ಬರುವ ಈ ಕಾರಣದಲ್ಲಿ ಒಂದು ಇಡೀ ಜೀವಮಾನವಿದೆ.

ಆಯ್ಕೆಯ ಸಂದರ್ಶನದಲ್ಲಿ ಪರೀಕ್ಷಕರು ಅಪ್ಪನನ್ನೂ ಪ್ರಶ್ನಿಸುತ್ತಾರೆ. ಮನೆಯವರ ಪೂರ್ತಿ ಬೆಂಬಲವಿಲ್ಲದೆ ಯಾವ ಮಗುವೂ ಗೆಲ್ಲಲಾರದು, ನೀವು ಇವನ ಬೆನ್ನಿಗಿದ್ದೀರಿ ತಾನೇ ಎಂಬ ಅರ್ಥದ ಪ್ರಶ್ನೆ. ಅವನು ಗಡಿಬಿಡಿಯಿಂದ ಹೌದೆನ್ನುತ್ತಾನೆ. ಪಿಯಾನೋ, ಬಸ್ಸು, ಒಡವೆ ಎಲ್ಲ ಆ ಮೇಜಿನ ಆಚೆ ಕೂತವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಚಿತ್ರದ ಶಕ್ತಿಯಿರುವುದು ಇಲ್ಲಿ. ಈ ಅಪ್ಪನಿಗೆ ಬ್ಯಾಲೆಯ ಗಂಧಗಾಳಿಯಿಲ್ಲ, ಮಗನ ಮೂಲಕ ತೀರಿಸಿಕೊಳ್ಳಬೇಕಾದ ತನ್ನದೇ ಆಸೆ ಯಾವುದೂ ಇಲ್ಲ. ಮಗನಿಗೆ ಬೇಕಾಗಿದೆ ಎಂಬುದೊಂದೇ ಅವನ ಲೆಕ್ಕ. ಬೆಂಬಲವೆಂಬ ಮಾತಿಗೆ ಇದಕ್ಕಿಂತ ಶುದ್ಧವಾದ ಅರ್ಥವನ್ನು ನಾನು ಬೇರೆ ಚಿತ್ರದಲ್ಲಿ ಕಂಡಿಲ್ಲ.

ಇನ್ನು ನನ್ನ ದೂರು. ಕಾಗದ ಬರುತ್ತದೆ, ಹುಡುಗ ಆಯ್ಕೆಯಾಗಿದ್ದಾನೆ. ಅಪ್ಪ ಸುದ್ದಿ ಹೇಳಲು ಜೊತೆಗಾರರ ಬಳಿಗೆ ಓಡಿದರೆ ಅಲ್ಲಿ ಮುಷ್ಕರ ಮುಗಿದು ಎಲ್ಲರೂ ಸೋತು ಕೂತಿದ್ದಾರೆ. ಎಂಥ ದೃಶ್ಯ! ಹುಡುಗ ಬಸ್ಸು ಹತ್ತುತ್ತಾನೆ, ಅಪ್ಪ ಅಣ್ಣಂದಿರು ಗಣಿಯೊಳಕ್ಕೆ ಇಳಿಯುತ್ತಾರೆ. ಅಲ್ಲಿಂದ ಚಿತ್ರ ಒಂದೇ ನೆಗೆತಕ್ಕೆ ಹತ್ತು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲವನ್ನು ದಾಟಿಬಿಡುತ್ತದೆ. ಬಿಲ್ಲಿ ಈಗ ಪ್ರಸಿದ್ಧ ನರ್ತಕ. ಮ್ಯಾಥ್ಯೂ ಬೋರ್ನ್ 1995ರಲ್ಲಿ ಗಂಡು ಹಂಸಗಳನ್ನಿಟ್ಟು ಕಟ್ಟಿದ ‘ಸ್ವಾನ್ ಲೇಕ್’ನ ರಂಗದಲ್ಲಿ ಅವನು ಹಾರುತ್ತಾನೆ. ಅಪ್ಪ ಉಸಿರು ಬಿಗಿಹಿಡಿದು ನೋಡುತ್ತಾನೆ, ಮುಗಿಯಿತು.

ನನಗೆ ಬೇಕಾಗಿದ್ದುದು ಆ ನೆಗೆತದ ಕೆಳಗೆ ಸಿಕ್ಕ ವರ್ಷಗಳು. ಆಯ್ಕೆಯ ಕಾಗದ ಒಂದು ಬೆಳಗಿನ ಸಂತೋಷ. ಅದರಾಚೆ ಹದಿಹರೆಯದ ಮೈ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಪರೀಕ್ಷಕರು ಹತ್ತರಲ್ಲಿ ನೋಡಿದ ಮೊಳಕೆ ಹದಿನಾಲ್ಕರಲ್ಲಿ ಬೇರೆ ಗಿಡವಾಗಿರಬಹುದು. ಎತ್ತರ ಏಕಾಏಕಿ ಏರುವ ಕಾಲದಲ್ಲಿ ಸ್ನಾಯು, ಮೂಳೆಗಳಿಗೆ ಪೆಟ್ಟಾಗುವುದು ಹೆಚ್ಚು. ಕನ್ನಡಿಯ ಮುಂದೆ ದಿನವಿಡೀ ನಿಲ್ಲುವ ಹುಡುಗಿ ಊಟ ಕಡಿಮೆ ಮಾಡಿದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಇಂಥ ಶಾಲೆಗಳಲ್ಲಿ ವರ್ಷ ವರ್ಷವೂ ಪ್ರಗತಿಯ ಪರಿಶೀಲನೆ ಇರುತ್ತದೆ. ಸೇರಿದವರೆಲ್ಲ ಕಡೆಯ ತರಗತಿ ಮುಟ್ಟುವುದಿಲ್ಲ, ಮುಟ್ಟಿದವರಿಗೆಲ್ಲ ತಂಡಗಳಲ್ಲಿ ಕೆಲಸ ಸಿಗುವುದಿಲ್ಲ. 2019ರಲ್ಲಿ ವಿಯೆನ್ನಾದ ಸ್ಟೇಟ್ ಒಪೆರಾದ ಬ್ಯಾಲೆ ಅಕಾಡೆಮಿಯಲ್ಲಿ ಮಕ್ಕಳನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರುಗಳು ಹೊರಬಿದ್ದವು. ಮಕ್ಕಳ ಕ್ಷೇಮಕ್ಕೆ ಅಲ್ಲಿ ಸಾಕಷ್ಟು ರಕ್ಷಣೆ ಇರಲಿಲ್ಲವೆಂದು ತನಿಖಾ ಸಮಿತಿ ಅದೇ ವರ್ಷದ ಕೊನೆಗೆ ವರದಿ ಕೊಟ್ಟಿತು. ಅಂಥ ಹೊತ್ತಿನಲ್ಲಿ ಮಗು ಯಾರಿಗೆ ಹೇಳೀತು? ಒಡವೆ ಅಡವಿಟ್ಟ ಅಪ್ಪನಿಗೆ ಫೋನು ಮಾಡಿ, ನನಗೆ ಇಲ್ಲಿ ಆಗುತ್ತಿಲ್ಲ ಎಂದು ಹೇಳುವ ಧೈರ್ಯ ಬಿಲ್ಲಿಗೆ ಇರುತ್ತಿತ್ತೇ? ಬೆಂಬಲದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಆ ಫೋನಿನಲ್ಲಿ. ಚಿತ್ರ ಆ ಪುಟವನ್ನೇ ಹರಿದುಹಾಕಿದೆ.

ಹರಿದ ಪುಟದ ಒಂದು ತುಣುಕು ನನಗೆ ಸಿಕ್ಕಿದ್ದು ಬೆಸ್ ಕಾರ್ಗ್‌ಮನ್ ಅವರ 2011ರ ಅಮೆರಿಕನ್ ಸಾಕ್ಷ್ಯಚಿತ್ರ ‘ಫಸ್ಟ್ ಪೊಸಿಷನ್’ನಲ್ಲಿ. ಶಾಲೆಗಳ ವಿದ್ಯಾರ್ಥಿವೇತನಕ್ಕೂ ತಂಡಗಳ ಕೆಲಸಕ್ಕೂ ಬಾಗಿಲಾಗಿರುವ ಒಂದು ದೊಡ್ಡ ಸ್ಪರ್ಧೆಗೆ ತಯಾರಾಗುವ ಕೆಲವು ಮಕ್ಕಳು ಅದರಲ್ಲಿದ್ದಾರೆ. ಅವರಲ್ಲಿ ಒಬ್ಬಳು ಮಿಖೈಲಾ ಡಿಪ್ರಿನ್ಸ್. ಸಿಯೆರಾ ಲಿಯೋನಿನ ಯುದ್ಧದಲ್ಲಿ ಅನಾಥಳಾಗಿ, ನಾಲ್ಕನೆಯ ವಯಸ್ಸಿನಲ್ಲಿ ಅಮೆರಿಕದ ದಂಪತಿಗಳಿಗೆ ದತ್ತು ಬಂದವಳು. ಬ್ಯಾಲೆ ಉಡುಪಿನಲ್ಲಿ ‘ಮೈಬಣ್ಣ’ದ್ದೆಂದು ಕರೆಯುವ ಪಟ್ಟಿ ಬಿಳಿಯರ ಮೈಬಣ್ಣದ್ದು. ಸಾಕುತಾಯಿ ಎಲೇನ್ ಅದನ್ನು ಮಗಳ ಕಪ್ಪು ಮೈಗೆ ಹೊಂದುವಂತೆ ಕಂದು ಬಣ್ಣದಲ್ಲಿ ಅದ್ದುತ್ತಾಳೆ. ಭಾಷಣವಿಲ್ಲ, ಒಂದು ಪಾತ್ರೆ, ಒಂದಿಷ್ಟು ಬಣ್ಣ. ಜಗತ್ತು ತನ್ನ ಮಗಳಿಗಾಗಿ ಹೊಲಿಯದ ಬಟ್ಟೆಯನ್ನು ತಾಯಿ ಹೀಗೆ ಮಗಳದ್ದಾಗಿ ಮಾಡಿಕೊಡುತ್ತಾಳೆ. ಮಿಖೈಲಾ ಮುಂದೆ ಡಚ್ ನ್ಯಾಷನಲ್ ಬ್ಯಾಲೆಯಲ್ಲಿ ಹೆಸರು ಮಾಡಿದಳು. 2024ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿಗೆ ತೀರಿಕೊಂಡಳು. ಮರುದಿನವೇ ಆ ತಾಯಿಯೂ ಹೋದರು.

ಅದೇ ಚಿತ್ರದಲ್ಲಿ ಅಕ್ಕನ ಜೊತೆಗೆ ಬ್ಯಾಲೆ ಕಲಿಯುವ ಒಬ್ಬ ಪುಟ್ಟ ಹುಡುಗನಿದ್ದಾನೆ. ಒಂದು ದಿನ ಅವನು ಬಿಟ್ಟುಬಿಡುತ್ತಾನೆ. ತಾಯಿಯ ಕಣ್ಣಲ್ಲಿ ನೀರು. ನೋಡಿದವರು ಆಕೆಯನ್ನು ಆಡಿಕೊಂಡು ನಗಬಹುದು. ನನಗೆ ನಗು ಬರಲಿಲ್ಲ. ಊರೂರು ಅಲೆದು, ರಿಬ್ಬನ್ ಹೊಲಿದು, ಅಡುಗೆ ಕಟ್ಟಿಕೊಟ್ಟು ಕಳೆದ ಕಾಲವೆಲ್ಲ ಮಗನಿಗಾಗಿ ಎಂದುಕೊಂಡವಳು ಅದರಲ್ಲಿ ತನ್ನ ಪಾಲೂ ಇತ್ತೆಂದು ಆ ದಿನ ಕಂಡುಕೊಳ್ಳುತ್ತಾಳೆ. ಆದರೂ ಹುಡುಗ ಬಾಯಿಬಿಟ್ಟು ಹೇಳಿದ, ಅವಳು ಅತ್ತರೂ ಅವನ ಮಾತು ನಡೆಯಿತು. ನಾಲ್ಕೂ ಚಿತ್ರಗಳಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಈ ಸೋಲಿನ ದೃಶ್ಯ.

ನಾಲ್ಕನೆಯದು ನಮ್ಮ ದೇಶದ್ದು, ಸೂನಿ ತಾರಾಪೊರೆವಾಲ ಅವರ ‘ಯೇ ಬ್ಯಾಲೆ’, 2020ರಲ್ಲಿ ಬಂದದ್ದು. ಮುಂಬಯಿಯ ಬಡ ಮನೆಗಳ ಮನೀಷ್ ಚೌಹಾಣ್, ಅಮೀರುದ್ದೀನ್ ಷಾ ಎಂಬಿಬ್ಬರು ಹುಡುಗರ ನಿಜ ಬದುಕನ್ನು ಆಧರಿಸಿದ ಕಥೆ. ಟ್ಯಾಕ್ಸಿ ಚಾಲಕರ ಮಗನಾದ ಮನೀಷ್ ತನ್ನ ಕಥೆಯ ಪಾತ್ರವನ್ನು ತಾನೇ ಮಾಡಿದ್ದಾನೆ. ಅಮೀರುದ್ದೀನನಿಗೆ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಯಲ್ಲೇ ಜಾಗ ಸಿಕ್ಕಿತು. ಹತ್ತರಲ್ಲಿ ಮೊಳಕೆ ಆರಿಸುವ ಲೋಕಕ್ಕೆ ಹದಿಹರೆಯದಲ್ಲಿ ಕಾಲಿಟ್ಟು ದಾರಿ ಮಾಡಿಕೊಂಡವರು ಇವರು. ಗಾದೆ ಸುಳ್ಳಾದೀತು ಎಂಬುದಕ್ಕೆ ಸಾಕ್ಷಿ. ಇಲ್ಲೊಂದು ಮಾತು ಹೆಂಗಸಾಗಿ ಹೇಳಬೇಕು. ಬಿಲ್ಲಿಯಾಗಲಿ ಈ ಹುಡುಗರಾಗಲಿ ಹೋರಾಡುವುದು ಕುಣಿಯಲು ಬಿಡಿ ಎಂಬುದಕ್ಕೆ. ಹುಡುಗಿಯರನ್ನು ಕುಣಿಯಲು ಎಲ್ಲರೂ ಬಿಡುತ್ತಾರೆ, ಆದ್ದರಿಂದಲೇ ಬಾಗಿಲಲ್ಲಿ ಅವರ ಸಾಲು ಬಲು ಉದ್ದ. ತಡವಾಗಿ ಬಂದ ಬಡ ಹುಡುಗಿಯ ಕಥೆಯನ್ನು ಇಷ್ಟು ಉತ್ಸಾಹದಿಂದ ಯಾರಾದರೂ ಸಿನಿಮಾ ಮಾಡಿಯಾರೇ ಎಂಬ ಅನುಮಾನ ನನಗಿದೆ.

ಬ್ಯಾಲೆ ನಮಗೆ ದೂರದ ಮಾತೆಂದು ಓದುಗರು ಅಂದುಕೊಳ್ಳಬಾರದು. ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ನಮ್ಮ ಐದನೆಯ ತರಗತಿಯ ಮಕ್ಕಳು ಕೂರುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಆಯ್ಕೆಯಾದರೆ ಹಾಸ್ಟೆಲು, ಆಗದಿದ್ದರೆ ಮನೆಯಲ್ಲೊಂದು ಮೌನ. ಆ ಮೌನ ಹೊತ್ತು ತರಗತಿಗೆ ಬಂದ ಮಕ್ಕಳ ಮುಖಗಳನ್ನು ನಾನು ಬಲ್ಲೆ. ಅಪ್ಪ ಬೈದಿದ್ದರೆ ಅತ್ತು ಹಗುರಾಗುತ್ತಿದ್ದರು. ಬೈಯದೆ ನಿಟ್ಟುಸಿರು ಬಿಟ್ಟದ್ದೇ ಅವರಿಗೆ ಭಾರ.

‘ಬಿಲ್ಲಿ ಎಲಿಯಟ್’ನಲ್ಲಿ ಟೀಚರಮ್ಮನ ಪಾತ್ರ ಜೂಲಿ ವಾಲ್ಟರ್ಸ್ ಅವರದು. ಆಕೆ ದುಡ್ಡು ತೆಗೆದುಕೊಳ್ಳದೆ ಹುಡುಗನನ್ನು ತಿದ್ದುತ್ತಾಳೆ, ಬೀಳ್ಕೊಡುವಾಗ ಹೆಚ್ಚು ಮಾತಾಡದೆ ಮತ್ತೆ ತನ್ನ ತರಗತಿಯ ಕಡೆ ತಿರುಗುತ್ತಾಳೆ. ಕೊನೆಯ ದೃಶ್ಯದ ರಂಗಮಂದಿರದಲ್ಲಿ ಅಪ್ಪ, ಅಣ್ಣ, ಹಳೆಯ ಗೆಳೆಯ ಇದ್ದಾರೆ, ಆಕೆ ಇಲ್ಲ. ನೋಡಿದ ಶಿಕ್ಷಕಿಯರು ಬೇಸರಪಟ್ಟಾರು. ನನಗೆ ಅದು ಸರಿಯೆನ್ನಿಸಿತು. ಟೀಚರು ಆ ಹೊತ್ತಿಗೆ ಇನ್ನೊಂದು ಮಗುವಿನ ಕಾಲು ತಿದ್ದುತ್ತಿರಬೇಕು. ಕಾಯುವ ಕೆಲಸ ಮನೆಯವರದು. ಗೆದ್ದು ಹಾರಿದ ದಿನ ನೋಡಲು ಜನ ಬಂದೇ ಬರುತ್ತಾರೆ. ಆಗುತ್ತಿಲ್ಲ ಎಂದು ಮಗು ಪೆಟ್ಟಿಗೆ ಹಿಡಿದು ತಿರುಗಿ ಬಂದ ರಾತ್ರಿ, ಕಾರಣ ಕೇಳುವ ಮುಂಚೆ ತಟ್ಟೆ ಹಾಕುವ ಅಪ್ಪನನ್ನು ತೋರಿಸುವ ಸಿನಿಮಾ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.